ಬೇಡವೆಂದ ಮಳಿಗೆ

ಗೋಡೆಯಿಂದ ಕಳಚಿದ ದೊಡ್ಡ ಕನ್ನಡಿಯನ್ನು ಕ್ಷೌರಿಕ ಒಂದು ಕಡೆ, ಅವನ ಹೆಂಡತಿ ಇನ್ನೊಂದು ಕಡೆ ಹಿಡಿದು ನಿಂತಿದ್ದರು. ಸಂಜೆಯೊಳಗೆ ಅಂಗಡಿ ಖಾಲಿ ಮಾಡಬೇಕಿತ್ತು.

“ಬೇಜಾರು ಮಾಡ್ಕೋಬೇಡಿ ಅಣ್ಣಾ, ನಮಗೂ ಜಾಗ ಸಾಲ್ತಿಲ್ಲ,” ಎಂದಳು ಪಕ್ಕದ ಚಹಾದಂಗಡಿಯವಳು, ಬಾಗಿಲಲ್ಲೇ ನಿಂತು. ಈಗ ಮಳಿಗೆ ಅವಳದು. ಹಳೆಯ ಮಾಲೀಕರು ಮಾರಲು ಹೊರಟಾಗ ಮೊದಲು ಕೇಳಿದ್ದು ಕ್ಷೌರಿಕನನ್ನೇ. ಹೆಂಡತಿ ಮನೆಖರ್ಚಿನಲ್ಲಿ ಉಳಿಸಿ ಬ್ಯಾಂಕಿನಲ್ಲಿಟ್ಟಿದ್ದ ದುಡ್ಡು ಮುಂಗಡಕ್ಕೆ ಸಾಕಾಗುತ್ತಿತ್ತು. ಉಳಿದದ್ದಕ್ಕೆ ಸಾಲ ಕೊಡಲು ಬ್ಯಾಂಕಿನವರೂ ಒಪ್ಪಿದ್ದರು. ಬಾಡಿಗೆ ಕೊಟ್ಟುಕೊಂಡು ಹಾಯಾಗಿರುವಾಗ ಈ ತಲೆನೋವು ಯಾಕೆಂದು ಅವನೇ ಬೇಡವೆಂದಿದ್ದ. ಆ ದುಡ್ಡು ಆಮೇಲೆ ಅವನ ತಂಗಿಯ ಮದುವೆಯ ಆಡಂಬರದಲ್ಲಿ ಕರಗಿಹೋಯಿತು.

ಚಹಾದಂಗಡಿಯವಳು ಅತ್ತ ಹೋದ ಮೇಲೆ ಅವನು ಕನ್ನಡಿಯ ಆಚೆಯಿಂದ ಮೆಲ್ಲಗೆ ಹೇಳಿದ: “ನೀನು ಜಗಳ ಆಡಿಯಾದ್ರೂ ನನ್ನ ಒಪ್ಪಿಸಬೇಕಿತ್ತು ಕಣೇ.”

“ಆಡಿದ್ನಲ್ಲ. ನೀವು ರೇಡಿಯೋ ಜೋರು ಮಾಡಿದ್ರಿ,” ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಹುಷಾರು, ಆ ಮೂಲೆ ಬಾಗಿಲಿಗೆ ತಾಗುತ್ತೆ.”

ಆ ದಿನ ರೇಡಿಯೋದಲ್ಲಿ ಬರುತ್ತಿದ್ದ ಹಾಡು ಅವನಿಗೆ ನೆನಪಾಯಿತು. ಎಷ್ಟು ಯೋಚಿಸಿದರೂ ಅವಳಾಡಿದ ಮಾತು ಒಂದೂ ನೆನಪಾಗಲಿಲ್ಲ.