ಬೆಳಗಿನ ಎಂಜಲು

"ಬಾಗಿಲು ಯಾಕೋ ಹಾಕ್ಕೊಂಡೆ? ಉಗುಳೋದಕ್ಕೂ ಮರೆ ಬೇಕಾ ನಿಂಗೆ?"

ತಫೀದಾ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಮಗ ವಗ್ದಿ ತಂಗಿಗೆ ಏನೋ ಪಿಸುಗುಟ್ಟುತ್ತಿದ್ದ. ಆಮೇಲೆ ಚಿಲಕ ಸರಿಯಿತು. ಮಗಳು ಇನ್‌ಶಿರಾಹ್ ಎರಡು ಪುಟ್ಟ ಸೀಸೆ ತಂದು ಕೊಟ್ಟಳು. ಒಂದರ ಮೇಲೆ ಅಣ್ಣನ ಹೆಸರು, ಇನ್ನೊಂದರ ಮೇಲೆ ಅವಳದು.

"ಅವನು ಉಗುಳಿದನಾ? ನಿಜ ಹೇಳು."

"ಇಬ್ಬರೂ ಉಗುಳಿದ್ವಿ ಅಮ್ಮಾ."

ಡಾಕ್ಟರ್ ಸುಹೈರ್ ಹೇಳಿದ್ದು ಹಾಗೆಯೇ: ಕಣ್ಣು ಬಿಟ್ಟ ಕೂಡಲೇ, ಬಾಯಿ ತೊಳೆಯುವ ಮೊದಲು. ಮನಸ್ಸು ಹೆದರಿ ಹಣ್ಣಾದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ. ಬೆಳಗಿನ ಎಂಜಲಲ್ಲಿ ಅದು ಸಿಕ್ಕಿಬೀಳುತ್ತದೆ. ಕಾಯಿಲೆಯವನದು ಒಂದು, ಒಡಹುಟ್ಟಿದವಳದು ಒಂದು.

ದಮಿಯೆತ್ತಾ ಊರಿನ ಆ ಓಣಿಯಲ್ಲಿ ಎಲ್ಲರೂ ಬಡಗಿಗಳು. ಆದರೂ ಮಂಚದ ತಲೆಹಲಗೆಯಲ್ಲಿ ಹೂಬಳ್ಳಿ ಬಿಡಿಸಲು ವಗ್ದಿಯೇ ಬೇಕು. ಓಣಿ ತಫೀದಾಳನ್ನು ಕರೆಯುವುದೂ ವಗ್ದಿಯ ಅಮ್ಮ ಎಂದೇ. ಇನ್‌ಶಿರಾಹ್‌ಳ ಅಮ್ಮ ಎಂದು ಯಾರೂ ಕರೆದದ್ದಿಲ್ಲ.

ಹೋದ ಚಳಿಗಾಲದಲ್ಲಿ ವಗ್ದಿಗೆ ಗೋಡೆಯಾಚೆಯಿಂದ ಮಾತು ಕೇಳತೊಡಗಿತು. ಅನ್ನದಲ್ಲಿ ವಿಷವಿದೆ ಎಂದ. ಒಂದು ದಿನ ಉಳಿ ಹಿಡಿದು ಗೋಡೆಯನ್ನೇ ಅಗೆದ. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಅಕ್ಕಪಕ್ಕದವರು. ತಫೀದಾಳಿಗೆ ಅದು ಅಸಾಧ್ಯವೆನಿಸಲಿಲ್ಲ. ಮಕ್ಕಳು ಕತ್ತರಿಸಿದ ಉಗುರನ್ನು ಅವಳು ಇವತ್ತಿಗೂ ಬಟ್ಟೆಯಲ್ಲಿ ಗಂಟು ಕಟ್ಟಿ ನದಿಗೆ ಎಸೆಯುತ್ತಾಳೆ. ಮಗಳನ್ನು ಶಾಲೆ ಬಿಡಿಸಿ ಅಣ್ಣನ ಕಾವಲಿಗೆ ಕೂರಿಸಿದಳು.

ಆಸ್ಪತ್ರೆಯವರು ವಾರ್ಡಿನಲ್ಲಿಟ್ಟು ಮನೆಗೆ ಕಳಿಸಿದರು. ಔಷಧಿ ನಾಟಿತು. ವಗ್ದಿ ನಗತೊಡಗಿದ. "ಡಾಕ್ಟರು ಹೂಂ ಅಂದ್ರೆ ಶನಿವಾರವೇ ಕಳಿಸು" ಎಂದಿದ್ದ ಕಾರ್ಖಾನೆಯ ಯಜಮಾನ. ಡಾಕ್ಟರು ಊಹೂಂ ಅಂದರೆ ಮತ್ತೆ ವಾರ್ಡು, ಮತ್ತೆ ಓಣಿಯ ಬಾಯಿ.

ಮಗಳ ಬಗ್ಗೆ ಮಾತ್ರ ತಫೀದಾಳಿಗೆ ಚಿಂತೆಯಿರಲಿಲ್ಲ. ಬಾಯಿದ್ದೂ ಇಲ್ಲದ ಹುಡುಗಿ. ಅಣ್ಣನಿಗೆ ಓಣಿಯ ಸದ್ದು ತಾಗದಿರಲೆಂದು ಬೀಗದ ತೂತಿಗೂ ಹತ್ತಿ ತುರುಕಿದ್ದಳು. ಟಿ.ವಿ.ಗೆ ಕಂಬಳಿ ಹೊದಿಸಿದ್ದಳು. ಅಮ್ಮ ಮಾಡಿದ್ದನ್ನೆಲ್ಲ ಅಣ್ಣನ ತಟ್ಟೆಗೆ ತಳ್ಳಿ, ತಾನು ಕೈಯಾರೆ ಸುಲಿದ ಬೇಯಿಸಿದ ಮೊಟ್ಟೆಯಷ್ಟೇ ತಿನ್ನುತ್ತಿದ್ದಳು. ದೇವರು ಕೊಟ್ಟರೆ ಇಂಥ ತಂಗಿಯನ್ನು ಕೊಡಬೇಕು.

ವಾರ ಕಳೆದು ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ತಫೀದಾಳೊಬ್ಬಳನ್ನೇ ಒಳಗೆ ಕರೆದರು.

"ಮಗಳ ಚಿಂತೆ ಬಿಡಿ, ಹಜ್ಜಾ ತಾಯಿ. ಒಬ್ಬರಿಗೆ ಬಂದ ಮನೆಯಲ್ಲಿ ಒಡಹುಟ್ಟಿದವರನ್ನೂ ನೋಡಬೇಕಾಗುತ್ತೆ. ಅವಳದು ತಣ್ಣಗಿದೆ."

"ಅವಳು ಕಲ್ಲು, ಡಾಕ್ಟ್ರಮ್ಮ. ಮಗನದು ಹೇಳಿ."

"ಮಗನದು ನೋಡಿ ನನಗೇ ದಿಗಿಲಾಯ್ತು. ಹೊತ್ತಿ ಉರಿಯೋ ಮನೆಯಿಂದ ಈಗಷ್ಟೇ ಓಡಿಬಂದವರ ಮೈಯ ಹಾಗಿದೆ. ನಿದ್ದೆ ಮಾಡ್ತಾನಾ?"

"ಗೊರಕೆಗೆ ಬೆಕ್ಕು ಓಡಿಹೋಗುತ್ತೆ."

"ಊಟ?"

"ನನ್ನ ಪಾಲೂ ಉಳಿಸಲ್ಲ."

ಡಾಕ್ಟರ ಹುಬ್ಬು ಗಂಟಿಕ್ಕಿತು. "ಎಂಜಲೊಂದನ್ನೇ ನೋಡಿ ಕಾಯಿಲೆ ಅನ್ನೋಕಾಗಲ್ಲ. ಆದರೆ ಉಳಿ ಎತ್ತೋ ಹಿಂದಿನ ದಿನವೂ ಹೀಗೇ ನಗ್ತಿದ್ದ ಅಂತ ನೀವೇ ಹೇಳಿದ್ರಿ. ಒಳಗೊಳಗೇ ಕುದೀತಾ ಬಚ್ಚಿಡ್ತಿದ್ದಾನೆ. ಇವತ್ತೇ ಸೇರಿಸಿಬಿಡಿ."

ವಾರ್ಡಿನ ಬಾಗಿಲಲ್ಲಿ ವಗ್ದಿಯ ಬೆಲ್ಟು ಬಿಚ್ಚಿಸಿಕೊಂಡರು. ಅವನು ಕೂಗಾಡಲಿಲ್ಲ. ಕಣ್ಣು ಮಾತ್ರ ತುಂಬಿತ್ತು.

"ನಾನು ಚೆನ್ನಾಗಿದ್ದೀನಿ ಅಮ್ಮಾ. ನಂಬು. ಶನಿವಾರ ಕೆಲಸಕ್ಕೆ ಹೋಗಬೇಕು ನಾನು."

"ಬಾಯಿ ಸುಳ್ಳು ಹೇಳುತ್ತೆ ಮಗನೇ, ಎಂಜಲು ಹೇಳಲ್ಲ. ನಿನ್ನ ಸೀಸೇಲಿ ಎಲ್ಲಾ ಗೊತ್ತಾಯ್ತು."

"ನನ್ನ ಸೀಸೇಲಾ?" ವಗ್ದಿ ಬೆಪ್ಪಾಗಿ ನೋಡಿದ. "ಉಗುರು, ಕೂದಲು, ಎಂಜಲು ಹೆಸರಿನ ಜೊತೆ ಇನ್ನೊಬ್ಬರ ಕೈಗೆ ಹೋಗಬಾರದು, ಮಾಟಕ್ಕೆ ದಾರಿ ಅಂತ ಕಲಿಸಿದವಳು ನೀನೇ ತಾನೇ? ನಾನು ಉಗುಳಿದ್ದು ಅವಳ ಸೀಸೆಗೆ. ನನ್ನದಕ್ಕೆ ಉಗುಳಿದವಳು ಅವಳು."

ತಫೀದಾ ತಿರುಗಿ ನೋಡಿದಳು.

ಇನ್‌ಶಿರಾಹ್ ವಾರ್ಡಿನ ಬಾಗಿಲ ಮುಂದೆ ಮೊಣಕಾಲೂರಿ ಕೂತು, ಬೀಗದ ತೂತಿಗೆ ಹತ್ತಿ ತುರುಕುತ್ತಿದ್ದಳು.