ಬೀರುವಿನ ಹಿಂದಿನ ನೆರಳು

ಸತ್ತವರ ನೆರಳು ಮನೆಯ ಗೋಡೆಯಲ್ಲೇ ಉಳಿದುಬಿಡುತ್ತಿದ್ದ ಕಾಲವದು. ಹೆಣ್ಣು ನೋಡಲು ಬಂದವರು ದೀಪ ಹಿಡಿದು ಆ ನೆರಳುಗಳನ್ನೂ ನೋಡಿಹೋಗುವುದು ವಾಡಿಕೆಯಾಗಿತ್ತು.

ಹೈಮವತಿಯನ್ನು ನೋಡಲು ಬಂದಿದ್ದ ವರನ ಅಜ್ಜಿ ಪುಟ್ಟಗೌರಮ್ಮ, ಹಜಾರದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಹುಡುಗಿಯ ತಾತನ ನೆರಳಿಗೆ ಕೈಮುಗಿದು, ದೀಪದೊಂದಿಗೆ ಒಳಕೋಣೆಗೆ ಬಂದರು; ವರನೂ ಮನೆಯವರೂ ಹಿಂದೆಯೇ ಬಂದರು.

"ಈ ಬೀರು ಸ್ವಲ್ಪ ಸರಿಸಿ."

"ಅಲ್ಲೇನೂ ಇಲ್ಲಮ್ಮ" ಎಂದರು ಹೈಮವತಿಯ ತಂದೆ ಶ್ರೀಕಂಠಯ್ಯ. ಅಷ್ಟರಲ್ಲಿ ವರನೇ ಬೀರು ಸರಿಸಿದ್ದ. ಗೋಡೆಯ ಮೇಲೆ ಒಬ್ಬ ಹೆಂಗಸಿನ ನೆರಳು ಕೂತಿತ್ತು. ಕಾಲಿಗೆ ಸರಪಳಿಯಿತ್ತು.

"ಯಾರಿವರು?"

"ಯಾರೋ ಕೆಲಸದವಳು, ಜ್ವರ ಬಂದು ಹೋದಳು" ಎನ್ನುತ್ತ ಶ್ರೀಕಂಠಯ್ಯ ಬೀರುವನ್ನು ಮತ್ತೆ ತಳ್ಳಲು ಮುಂದೆ ಬಂದರು. ಅವರ ನೆರಳು ಗೋಡೆಗೆ ಬಿದ್ದದ್ದೇ ತಡ, ಹೆಂಗಸಿನ ನೆರಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮೂಲೆಗೆ ಮುದುಡಿತು.

ಪುಟ್ಟಗೌರಮ್ಮ ದೀಪವನ್ನು ಗೋಡೆಯ ಹತ್ತಿರಕ್ಕೆ ಹಿಡಿದರು.

"ನಮ್ಮಕ್ಕ" ಎಂದರು ಶ್ರೀಕಂಠಯ್ಯ ಕೊನೆಗೆ. "ತಲೆ ಸರಿಯಿರಲಿಲ್ಲ. ಹೊರಗೆ ಗೊತ್ತಾದರೆ ಮನೆಯ ಮರ್ಯಾದೆ..."

ಹೈಮವತಿಗೆ ಬಂದವರ ಮುಖ ನೋಡಲಾಗಲಿಲ್ಲ. ತನಗೊಬ್ಬ ಅತ್ತೆ ಇದ್ದಳೆಂದೇ ತಿಳಿಯದೆ ಇಷ್ಟು ವರ್ಷ ಅದೇ ಕೋಣೆಯಲ್ಲಿ ಹಾಯಾಗಿ ಮಲಗಿದ್ದಳು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಮೆಲ್ಲಗೆ ತಂದೆಯ ತೋಳು ಹಿಡಿದಳು.

"ಈಚೆ ಬನ್ನಿ ಅಪ್ಪ. ಅತ್ತೆ ಹೆದರ್ತಿದಾರೆ."