ಪ್ರಭಾವತಿಯ ಎದೆಬಡಿತ

ನಾಲ್ಕನೆಯ ಇ.ಸಿ.ಜಿ.ಯೂ ಸರಿಯಾಗಿಯೇ ಬಂದಾಗ ಮಧ್ವರಾಜರಿಗೆ ಖಾತ್ರಿಯಾಯಿತು: ಹೆಂಡತಿ ನಾಟಕ ಮಾಡುತ್ತಿದ್ದಾಳೆ.

ಅವರು ಕಾಪುವಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ಸರಿಯಿದ್ದರೂ ಲೆಕ್ಕ ಮಾಡಿದ ಕ್ರಮ ತೋರಿಸದವರಿಗೆ ಸೊನ್ನೆ ಕೊಡುವ ಜಾತಿ. ಪ್ರಭಾವತಿಯ ಕಾಯಿಲೆಗೆ ಕ್ರಮವೇ ಇರಲಿಲ್ಲ. ಎದೆ ಇದ್ದಕ್ಕಿದ್ದಂತೆ ಓಡತೊಡಗುತ್ತದಂತೆ, ಇದ್ದಕ್ಕಿದ್ದಂತೆ ಸರಿಯಾಗುತ್ತದಂತೆ. ಅದೂ ಅವರು ಶಾಲೆಯಲ್ಲಿರುವಾಗಲೇ! ಸುದ್ದಿ ಮುಟ್ಟಿ ಮನೆಗೆ ಧಾವಿಸಿದರೆ ಅವಳು ಒಳ್ಳೆಯ ಸೀರೆಯುಟ್ಟು ಮಣಿಪಾಲಕ್ಕೆ ಸಿದ್ಧಳಾಗಿರುತ್ತಾಳೆ. ಪಕ್ಕದಲ್ಲಿ ಅವರ ತಾಯಿ ರಮಾಮಣಿಯಮ್ಮ, ಆಗಷ್ಟೇ ಬಾವಿಕಟ್ಟೆಯಲ್ಲಿ ತಲೆಗೆ ತಣ್ಣೀರು ಹೊಯ್ದುಕೊಂಡು ಬಂದ ಒದ್ದೆ ಕೂದಲಲ್ಲಿ. ತಾಯಿಯ ಮಡಿ ಯಾವಾಗಲೂ ಸ್ವಲ್ಪ ಹೆಚ್ಚೇ.

‘‘ಹೃದಯದ ಕರೆಂಟು ಮೇಲಿನಿಂದ ಇಳಿದು ಮುಗಿಯಬೇಕು,’’ ಎಂದು ಮಣಿಪಾಲದ ಡಾಕ್ಟರ್ ಮೌರಿಸ್ ವಿವರಿಸಿದರು. ‘‘ಕೆಲವರಿಗೆ ಒಳಗೆ ಇನ್ನೊಂದು ದಾರಿ ಉಂಟು. ಉಡುಪಿಯಿಂದ ಕಾರ್ಕಳಕ್ಕೆ ಹೊರಟ ಬಸ್ಸು ನಡುದಾರಿಯ ಹಿರಿಯಡ್ಕದಲ್ಲೇ ತಿರುಗಿ ಉಡುಪಿಗೆ ಬಂದು, ಮತ್ತೆ ಹೊರಟ ಹಾಗೆ ಕರೆಂಟು ಸುತ್ತು ಹೊಡೆಯುತ್ತದೆ. ಅದು ಓಡುತ್ತಿರುವಾಗಲೇ ಇ.ಸಿ.ಜಿ. ಪಟ್ಟಿಯಲ್ಲಿ ಹಿಡಿಯಬೇಕು. ಹೊಡೆದುಕೊಳ್ಳುವಾಗ ಎಂತ ಅನಿಸುತ್ತದೆ ನಿಮಗೆ?’’

ಪ್ರಭಾವತಿ ಅತ್ತೆಯ ಮುಖ ನೋಡಿದಳು.

‘‘ಕುತ್ತಿಗೆಯ ತನಕ ಬರುತ್ತದೆ, ಡಾಕ್ಟ್ರೇ. ಎಣಿಸಲಿಕ್ಕೇ ಆಗುವುದಿಲ್ಲ,’’ ಎಂದರು ಅತ್ತೆ.

ಅಮ್ಮನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾಳಲ್ಲ ಎಂದು ಮಧ್ವರಾಜರಿಗೆ ಮೈಯೆಲ್ಲ ಉರಿಯಿತು. ನರ್ಸ್ ಇಮೆಲ್ಡಾ ಪರದೆ ಎಳೆದಾಗ ರಮಾಮಣಿಯಮ್ಮ ಮುಖ ತಿರುಗಿಸಿದರು. ‘‘ಗಂಡಸು ಡಾಕ್ಟ್ರ ಎದುರು ಎದೆಗೆ ವಯರು! ಶಿವ ಶಿವ!’’

ವಾಪಸು ಬರುವಾಗ ಮಧ್ವರಾಜರು ಬಸ್ಸಿನಲ್ಲೇ ತೀರ್ಪು ಕೊಟ್ಟರು. ‘‘ಇನ್ನೊಂದು ಪಟ್ಟಿ ಹೀಗೆಯೇ ಬಂದರೆ ನಿನ್ನನ್ನು ಕಾರ್ಕಳದ ತವರಿಗೆ ಬಿಟ್ಟು ಬರುವುದೇ.’’

‘‘ಅವಳು ಹೇಳಿದ ಎದೆಬಡಿತದಲ್ಲಿ ಒಂದಕ್ಷರ ಸುಳ್ಳಿಲ್ಲ ಮಾರಾಯ,’’ ಎಂದರು ತಾಯಿ. ‘‘ನನಗೆ ಗೊತ್ತುಂಟು.’’

ಪ್ರಭಾವತಿ ಕಿಟಕಿಯಾಚೆ ನೋಡುತ್ತ ಕುಳಿತಳು. ತವರಿಗೆ ಹೋಗಿ ಕೂರುವ ಅವಮಾನ ನೆನೆದು ಅವಳ ಕಣ್ಣು ತುಂಬಿತ್ತು. ಆದರೂ ಬಾಯಿ ಬಿಡಲಿಲ್ಲ.

ಐದನೆಯ ಸಲ ಬಂದದ್ದು ದಸರಾ ರಜೆಯಲ್ಲಿ. ‘‘ಶುರುವಾಯಿತು!’’ ಎಂದು ಪ್ರಭಾವತಿ ಅಡುಗೆಮನೆಯಿಂದ ಕೂಗಿದಳು. ರಮಾಮಣಿಯಮ್ಮ ಆಗಲೇ ಬಾವಿಯತ್ತ ಹೊರಟಿದ್ದರು. ಮಧ್ವರಾಜರು ಅಡ್ಡ ನಿಂತರು.

‘‘ಸ್ನಾನ ಇಲ್ಲ, ಎಂತದೂ ಇಲ್ಲ. ಓಡುವ ಎದೆಯನ್ನು ಓಡುವಾಗಲೇ ಹಿಡಿಯುವ!’’

ಬಾಡಿಗೆಯ ಅಂಬಾಸಿಡರ್ ಅರ್ಧ ಗಂಟೆಯಲ್ಲಿ ಮಣಿಪಾಲ ಮುಟ್ಟಿತು. ದಾರಿಯುದ್ದಕ್ಕೂ ಪ್ರಭಾವತಿ ಅತ್ತೆಯ ಕೈ ಹಿಡಿದಿದ್ದಳು. ಸ್ನಾನ ತಪ್ಪಿದ ಸಿಟ್ಟಿಗೋ ಏನೋ, ತಾಯಿ ಕಣ್ಣು ಮುಚ್ಚಿ ಕುಳಿತಿದ್ದರು.

ಪಟ್ಟಿ ಬಂತು. ನಿಮಿಷಕ್ಕೆ ಎಪ್ಪತ್ತೆರಡು.

‘‘ನೋಡಿದಿರಾ ಡಾಕ್ಟ್ರೇ?’’ ಮಧ್ವರಾಜರು ಗೆದ್ದವರಂತೆ ಎದ್ದು ನಿಂತರು. ‘‘ಪ್ರಭಾ, ಇಲ್ಲಿಂದಲೇ ಕಾರ್ಕಳಕ್ಕೆ ನಡಿ.’’

ರಮಾಮಣಿಯಮ್ಮ ಕಣ್ಣು ತೆರೆದರು. ‘‘ಗಂಡಸರಿಬ್ಬರೂ ಹೊರಗೆ ಹೋಗಿ. ಇಮೆಲ್ಡಾ, ನೀನೊಬ್ಬಳೇ ಇನ್ನೊಂದು ಪಟ್ಟಿ ತೆಗೆ. ಡಾಕ್ಟ್ರು ಕಾಗದ ನೋಡಿದರೆ ಸಾಕು.’’

ಬಾಗಿಲು ಮುಚ್ಚಿತು. ಅಮ್ಮನ ಕರುಳು ದೊಡ್ಡದು, ಸೊಸೆಗೆ ಕೊನೆಯ ಅವಕಾಶ ಕೊಡುತ್ತಿದ್ದಾರೆ ಎಂದುಕೊಂಡು ಮಧ್ವರಾಜರು ನಿಟ್ಟುಸಿರುಬಿಟ್ಟರು.

ಐದು ನಿಮಿಷದಲ್ಲಿ ಇಮೆಲ್ಡಾ ಪಟ್ಟಿ ತಂದಳು. ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಓಡಿದ್ದವು. ‘‘ನೂರತೊಂಬತ್ತು! ಸಿಕ್ಕಿತು!’’ ಎಂದು ಡಾಕ್ಟರ್ ಮೌರಿಸ್ ಕುರ್ಚಿಯಿಂದ ಹಾರಿಯೇಬಿಟ್ಟರು. ಮಧ್ವರಾಜರ ಮುಖ ಸಣ್ಣಗಾಯಿತು. ಹೆಂಡತಿಯ ಕ್ಷಮೆ ಕೇಳಲು ಅವರು ಬಾಗಿಲಿಗೆ ಧಾವಿಸಿದರು. ಪ್ರಭಾವತಿ ಹೊಸ್ತಿಲಲ್ಲೇ ನಿಂತು ನಗು ತಡೆದುಕೊಳ್ಳುತ್ತಿದ್ದಳು.

ಪರದೆಯ ಹಿಂದಿನ ಮಂಚದಿಂದ ರಮಾಮಣಿಯಮ್ಮನ ಧ್ವನಿ ಬಂತು: ‘‘ಗಂಡಸು ಡಾಕ್ಟ್ರ ನಾಚಿಕೆಗೆ, ಮದ್ದಾದರೂ ಸಿಗಲಿ ಎಂದು ಇಷ್ಟು ದಿನ ನನ್ನ ಬದಲಿಗೆ ಅವಳನ್ನು ಮಲಗಿಸಿದ್ದು ನಾನೇ, ಮಾರಾಯ. ಇನ್ನಾದರೂ ಒಂದು ಕೊಡ ತಣ್ಣೀರು ತಾ, ಅದು ತಲೆಗೆ ಬಿದ್ದರೇ ನನ್ನ ಈ ಎದೆಯ ಓಟ ನಿಲ್ಲುವುದು!’’